ಆರ್ಥರ್ ಲೂಯಿಸ್ ಅವರನ್ನು ರೂಪಿಸಿದ್ದು ಪರೀಕ್ಷೆಯೊಂದೇ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಕಷ್ಟದ ಬಾಲ್ಯದಿಂದ ಮೇಲೆದ್ದು ಬಂದ ಜಗತ್ತಿನ ಹಲವು ಸಾಧಕರ ಕಿರುಪರಿಚಯಗಳನ್ನು ತಾವು ಪ್ರಕಟಿಸಿದ್ದೀರಿ. ಅವರ ನಡುವೆ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಅವರಿಗೂ ಹತ್ತು ಹನ್ನೆರಡು ಸಾಲುಗಳ ಜಾಗ ಸಿಕ್ಕಿರುವುದು ನನ್ನಂಥ ಹಳೆಯ ಅರ್ಥಶಾಸ್ತ್ರದ ಮೇಷ್ಟರಿಗೆ ಸಂತೋಷದ ಸಂಗತಿಯೇ. ಆದರೆ ಆ ಸಾಲುಗಳ ಒಟ್ಟು ತಾತ್ಪರ್ಯ ಇಷ್ಟೇ: ಕೆರಿಬಿಯನ್ ದ್ವೀಪದ ಹುಡುಗನೊಬ್ಬ ಚೆನ್ನಾಗಿ ಓದಿದ, ಪರೀಕ್ಷೆಯಲ್ಲಿ ಮೊದಲಿಗನಾದ, ಲಂಡನ್ನಿಗೆ ಹೋದ, ಪ್ರೊಫೆಸರಾದ, ನೊಬೆಲ್ ಪಡೆದ, ಆದ್ದರಿಂದ ಎಸ್ಸೆಸ್ಸೆಲ್ಸಿ ಬರೆಯುವ ನಮ್ಮ ಮಕ್ಕಳೂ ಅಂಕಗಳ ಮೇಲೆ ಮನಸ್ಸಿಡಲಿ. ಈ ಕೊನೆಯ ಮಾತಿಗೆ ಲೂಯಿಸ್ ಅವರನ್ನು ಸಾಕ್ಷಿಗೆ ಕರೆದಿರುವುದು ನನಗೆ ವಿಚಿತ್ರವಾಗಿ ಕಂಡಿತು. ಹೆಚ್ಚು ಅಂಕ ತೆಗೆಯುವುದೇ ಎಲ್ಲವೂ ಅಲ್ಲವೆಂಬ ತಿಳಿವಳಿಕೆ ತಮಗೆ ಶಾಲೆಯಲ್ಲಿದ್ದಾಗಲೇ ಬಂದಿತ್ತು, ಅದು ಮುಂದೆಂದೂ ತಮ್ಮನ್ನು ಬಿಟ್ಟು ಹೋಗಲಿಲ್ಲ ಎಂದು ನೊಬೆಲ್ ಪ್ರಶಸ್ತಿಯ ಸಂದರ್ಭದಲ್ಲಿ ಬರೆದುಕೊಟ್ಟ ತಮ್ಮ ಜೀವನದ ಟಿಪ್ಪಣಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಹೀಗಾಗಿ ಈ ಪತ್ರ. ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಮೊದಲಿಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಕಲಿಸಿದವನು ನಾನು. ಅಭಿವೃದ್ಧಿ ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ 'ಲೂಯಿಸ್ ಮಾದರಿಯನ್ನು ವಿವರಿಸಿ' ಎಂಬುದು ಹಬ್ಬದಂತೆ ವರ್ಷ ವರ್ಷವೂ ಬರುತ್ತಿದ್ದ ಪ್ರಶ್ನೆ. ಬೇಸಾಯದಲ್ಲಿ ಬೇಕಾದುದಕ್ಕಿಂತ ಹೆಚ್ಚು ಜನ ದುಡಿಯುತ್ತಿರುತ್ತಾರೆ, ಅವರಲ್ಲಿ ಕೆಲವರು ಕಾರ್ಖಾನೆಗೆ ಹೋದರೂ ಬೆಳೆ ಕಡಿಮೆಯಾಗುವುದಿಲ್ಲ, ಹೋದವರಿಗೆ ಹೊಟ್ಟೆಪಾಡಿಗಿಂತ ತುಸು ಹೆಚ್ಚು ಕೂಲಿ ಕೊಟ್ಟರೂ ಸಾಕಾಗುವುದರಿಂದ ಲಾಭ ಉಳಿಯುತ್ತದೆ, ಆ ಲಾಭವೇ ಮತ್ತೆ ಬಂಡವಾಳವಾಗಿ ಇನ್ನಷ್ಟು ಜನರನ್ನು ಕೆಲಸಕ್ಕೆ ಎಳೆದುಕೊಳ್ಳುತ್ತದೆ ಎಂದು ಕರಿಹಲಗೆಯ ಮೇಲೆ ನಕ್ಷೆ ಬರೆದು ವಿವರಿಸಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಒಂದು ವರ್ಷ, ಸಾಮಾನ್ಯವಾಗಿ ಬಾಯಿಬಿಡದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಈ ಲೂಯಿಸ್ ಅನ್ನೋರು ಯಾವ ಊರಿನವರು?" ಎಂದು ಕೇಳಿದಳು. ಇಂಗ್ಲೆಂಡಿನವರು ಎಂದುಬಿಟ್ಟೆ. ನಮ್ಮ ಪಠ್ಯಪುಸ್ತಕದಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಉಲ್ಲೇಖವಿತ್ತು, ಹೆಸರಿನ ಮುಂದೆ 'ಸರ್' ಎಂಬ ಬಿರುದಿತ್ತು, ಭಾವಚಿತ್ರ ಇರಲಿಲ್ಲ. ಅಷ್ಟನ್ನೇ ನಂಬಿ ಅವರಿಗೊಂದು ದೇಶವನ್ನೂ ಒಂದು ಮೈಬಣ್ಣವನ್ನೂ ನಾನೇ ಕೊಟ್ಟುಬಿಟ್ಟಿದ್ದೆ. ಅವರ ಟಿಪ್ಪಣಿಯನ್ನು ಓದಿ ತಪ್ಪು ತಿಳಿಯುವ ಹೊತ್ತಿಗೆ ಆ ಹುಡುಗಿ ಪದವಿ ಮುಗಿಸಿ ಎಷ್ಟೋ ವರ್ಷಗಳಾಗಿದ್ದವು.

ಲೂಯಿಸ್ ಹುಟ್ಟಿದ್ದು 1915ರ ಜನವರಿ 23ರಂದು, ಸೇಂಟ್ ಲೂಸಿಯಾ ಎಂಬ ದ್ವೀಪದಲ್ಲಿ. ಇಂದಿಗೂ ಎರಡು ಲಕ್ಷ ಜನಸಂಖ್ಯೆ ಇಲ್ಲದ ಈ ದ್ವೀಪವನ್ನು ನಮ್ಮವರು ಬಲ್ಲುದಿದ್ದರೆ ಅದು 2012 ಮತ್ತು 2016ರಲ್ಲಿ ವೆಸ್ಟ್ ಇಂಡೀಸಿಗೆ ಟಿ-20 ವಿಶ್ವಕಪ್ ಗೆದ್ದುಕೊಟ್ಟ ನಾಯಕ ಡ್ಯಾರೆನ್ ಸಾಮಿಯಿಂದ. ಲೂಯಿಸ್ ಅವರ ತಂದೆ ತಾಯಿ ಇಬ್ಬರೂ ಶಾಲಾ ಶಿಕ್ಷಕರು. ಮಗ ಹುಟ್ಟುವುದಕ್ಕೆ ಸುಮಾರು ಹನ್ನೆರಡು ವರ್ಷ ಮೊದಲು ಆಂಟಿಗುವಾ ದ್ವೀಪದಿಂದ ಬಂದು ನೆಲೆಸಿದವರು. ಆಗ ಇವೆಲ್ಲ ಬ್ರಿಟಿಷರ ವಸಾಹತುಗಳು. ಕಬ್ಬಿನ ತೋಟಗಳಲ್ಲಿ ದುಡಿಸಿಕೊಳ್ಳಲು ಆಫ್ರಿಕಾದಿಂದ ಹಿಡಿದು ತಂದವರ ಮೊಮ್ಮಕ್ಕಳು ಮರಿಮಕ್ಕಳೇ ಅಲ್ಲಿನ ಬಹುಪಾಲು ಜನ. ಅಂಥ ಕುಟುಂಬದ ಮಗುವಿಗೆ ತೋಟದ ಕೂಲಿಯಿಂದ ಬಿಡುಗಡೆ ಕೊಡಬಲ್ಲ ಗೌರವದ ದಾರಿಗಳಲ್ಲಿ ಶಾಲೆ ಮುಖ್ಯವಾದದ್ದು, ಶಿಕ್ಷಕರಾಗುವುದು ಆ ದಾರಿಯ ಮೊದಲ ನಿಲ್ದಾಣ. ತಮ್ಮ ಲೇಖನ ಅವರನ್ನು 'ಕಡುಬಡವರ ಮನೆಯ ಮಗ' ಎಂದು ಕರೆದಿರುವುದು ಅರ್ಧ ಸತ್ಯ. ಹಣವಿಲ್ಲದ ಮನೆಯಿರಬಹುದು, ಪುಸ್ತಕವಿಲ್ಲದ ಮನೆ ಅದಾಗಿರಲಿಲ್ಲ.

ಲೂಯಿಸ್ ಏಳು ವರ್ಷದವರಾಗಿದ್ದಾಗ ಏನೋ ಕಾಯಿಲೆಯಿಂದ ಕೆಲವು ವಾರ ಶಾಲೆಗೆ ಹೋಗಲಾಗಲಿಲ್ಲ. ಪಾಠ ತಪ್ಪಬಾರದೆಂದು ತಂದೆಯೇ ಮನೆಯಲ್ಲಿ ಕೂರಿಸಿಕೊಂಡು ಕಲಿಸಿದರು. ಶಾಲೆ ಎರಡು ವರ್ಷಗಳಲ್ಲಿ ಕಲಿಸುವುದನ್ನು ತಂದೆ ಮೂರು ತಿಂಗಳಲ್ಲಿ ಕಲಿಸಿಬಿಟ್ಟರೆಂದೂ, ಮರಳಿ ಹೋದಾಗ ತಮ್ಮನ್ನು ನಾಲ್ಕನೆಯ ತರಗತಿಯಿಂದ ಎತ್ತಿ ಆರನೆಯದರಲ್ಲಿ ಕೂರಿಸಿದರೆಂದೂ ಅವರು ಬರೆದಿದ್ದಾರೆ. ಮನೆಪಾಠದ ಮಹಿಮೆಯ ಕತೆಯಾಗಿ ಇದನ್ನು ಹೇಳಿ ಮುಗಿಸಬಹುದಿತ್ತು. ಅವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಅಂದಿನಿಂದ ಹದಿನೆಂಟು ತುಂಬುವವರೆಗೆ, ಶಾಲೆಯಲ್ಲಿಯೂ ಕಚೇರಿಯಲ್ಲಿಯೂ, ತಮಗಿಂತ ಎರಡು ಮೂರು ವರ್ಷ ದೊಡ್ಡವರ ನಡುವೆಯೇ ಇರಬೇಕಾಯಿತು, ಮೈಕಟ್ಟಿನಲ್ಲಿ ತಾನು ಎಲ್ಲರಿಗಿಂತ ಕಿರಿಯ ಎಂಬ ಕೀಳರಿಮೆ ತೀವ್ರವಾಗಿ ಕಾಡಿತು ಎನ್ನುತ್ತಾರೆ. ಅಂಕಗಳ ಕುರಿತು ನಾನು ಮೇಲೆ ಹೇಳಿದ ಮಾತು ಬರುವುದು ಈ ಸಂದರ್ಭದಲ್ಲೇ. ಉತ್ತರಪತ್ರಿಕೆಯಲ್ಲಿ ಎಲ್ಲರಿಗಿಂತ ಮುಂದು, ಆಟದ ಬಯಲಿನಲ್ಲಿ ಎಲ್ಲರಿಗಿಂತ ಹಿಂದು ಆಗಿದ್ದ ಮಗುವಿನ ಅನುಭವ ಅದು. ಎರಡು ತರಗತಿಗಳನ್ನು ಒಮ್ಮೆಗೇ ಹಾರಿಸುವ ಉತ್ಸಾಹದಲ್ಲಿರುವ ತಂದೆ ತಾಯಿಯರು ನಮ್ಮಲ್ಲೂ ಕಡಿಮೆಯಿಲ್ಲವಾದ್ದರಿಂದ ಲೇಖನದಲ್ಲಿ ಈ ಒಂದು ಸಾಲು ಇರಬೇಕಿತ್ತು. ಪಾಠ ಹೇಳಿಕೊಟ್ಟ ಆ ತಂದೆ ಲೂಯಿಸ್‌ಗೆ ಏಳು ವರ್ಷವಾಗಿದ್ದಾಗಲೇ ತೀರಿಕೊಂಡರು. ಐದರಿಂದ ಹದಿನೇಳು ವರ್ಷದವರೆಗಿನ ಐವರು ಗಂಡುಮಕ್ಕಳನ್ನು ತಾಯಿ ಒಬ್ಬರೇ ಬೆಳೆಸಿದರು. ತಾನು ಕಂಡವರಲ್ಲಿ ಆಕೆಯಷ್ಟು ಶಿಸ್ತಿನ, ಆಕೆಯಷ್ಟು ದುಡಿಮೆಯ ಮನುಷ್ಯರು ಬೇರೆ ಯಾರೂ ಇಲ್ಲವೆಂದು ಅರವತ್ತು ದಾಟಿದ ಮಗ ಬರೆಯುತ್ತಾರೆ. ತಮ್ಮ ಪುರವಣಿಯಲ್ಲಿ ತಾಯಿಯ ಪ್ರಸ್ತಾಪವೇ ಇಲ್ಲ.

ಕ್ಯಾಸ್ಟ್ರೀಸ್ ಪಟ್ಟಣದ ಸೇಂಟ್ ಮೇರೀಸ್ ಕಾಲೇಜಿನಲ್ಲಿ (ಅಲ್ಲಿ ಪ್ರೌಢಶಾಲೆಯನ್ನೇ ಕಾಲೇಜು ಎನ್ನುವ ರೂಢಿ) ಹದಿನಾಲ್ಕನೆಯ ವಯಸ್ಸಿಗೇ ಪಾಠಗಳೆಲ್ಲ ಮುಗಿದವು. ಮುಂದಿನ ಮೆಟ್ಟಿಲು ಬ್ರಿಟಿಷ್ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಸರ್ಕಾರಿ ವಿದ್ಯಾರ್ಥಿವೇತನದ ಪರೀಕ್ಷೆ. ಆದರೆ ಅದಕ್ಕೆ ಕೂರಲು ವಯಸ್ಸು ಸಾಲದು, 1932ರವರೆಗೆ ಕಾಯಬೇಕು. ಕಾಯುವ ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡ. ತಮ್ಮ ಲೇಖನ ಒಂದು ಅಲ್ಪವಿರಾಮದಲ್ಲಿ ದಾಟಿಹೋಗಿರುವ ಈ ವರ್ಷಗಳ ಬಗ್ಗೆ ಲೂಯಿಸ್ ಎರಡು ಮಾತು ಹೇಳುತ್ತಾರೆ. ಬರೆಯುವುದು, ಟೈಪು ಮಾಡುವುದು, ಕಡತಗಳನ್ನು ಜೋಡಿಸಿಡುವುದು, ಅಚ್ಚುಕಟ್ಟಾಗಿರುವುದು ಇವನ್ನೆಲ್ಲ ಕಲಿತದ್ದು ಅಲ್ಲೇ ಎನ್ನುವುದು ಮೊದಲನೆಯದು. ಚರಿತ್ರೆಯನ್ನೂ ಸಾಹಿತ್ಯವನ್ನೂ ಮನಸಾರೆ ಓದಬೇಕಾದ ವಯಸ್ಸು ಅದರಲ್ಲಿ ಕಳೆದುಹೋಯಿತು ಎನ್ನುವುದು ಎರಡನೆಯದು. ಆರ್ಥಿಕ ಚರಿತ್ರೆಯ ಮೇಲೆ ಗ್ರಂಥಗಳನ್ನೇ ಬರೆದ ವ್ಯಕ್ತಿ ಈ ಕೊರತೆಯನ್ನು ಕೊನೆಯವರೆಗೂ ನೆನಪಿಟ್ಟುಕೊಂಡದ್ದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು.

ಆ ಪರೀಕ್ಷೆ ಎಂಥದ್ದೆಂದು ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಹೊರಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಶಾಲಾ ಪರೀಕ್ಷೆಗಳು ಮೊದಲು ನಡೆದದ್ದು 1863ರಲ್ಲಿ, ಇದೇ ಕೆರಿಬಿಯನ್ ಪ್ರದೇಶದ ಟ್ರಿನಿಡಾಡಿನಲ್ಲಿ. ಪ್ರಶ್ನೆಪತ್ರಿಕೆಗಳು ಹಡಗಿನಲ್ಲಿ ಬರುತ್ತಿದ್ದವು, ಉತ್ತರಗಳು ಹಡಗಿನಲ್ಲಿ ಹೋಗುತ್ತಿದ್ದವು, ತಾನು ಎಂದೂ ನೋಡದ ಊರಿನ ಮಕ್ಕಳ ಭವಿಷ್ಯವನ್ನು ಇಂಗ್ಲೆಂಡಿನಲ್ಲಿ ಕೂತ ಪರೀಕ್ಷಕ ತೀರ್ಮಾನಿಸುತ್ತಿದ್ದ. ಕೇಳುತ್ತಿದ್ದುದು ಇಂಗ್ಲೆಂಡಿನ ಚರಿತ್ರೆ, ಇಂಗ್ಲೆಂಡಿನ ಸಾಹಿತ್ಯ. ತುತ್ತತುದಿಯಲ್ಲಿದ್ದ ದ್ವೀಪ ವಿದ್ಯಾರ್ಥಿವೇತನಗಳಂತೂ (ಬ್ರಿಟಿಷ್ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಆ ಸರ್ಕಾರಿ ವೇತನಗಳು) ಬೆರಳಲ್ಲಿ ಎಣಿಸುವಷ್ಟು. ಒಬ್ಬನಿಗೆ ಸಿಕ್ಕರೆ ಬಂದರಿನಲ್ಲಿ ಬೀಳ್ಕೊಡುಗೆ. ಒಂದೆರಡು ಅಂಕಗಳಲ್ಲಿ ತಪ್ಪಿಹೋದ ಇನ್ನೊಬ್ಬನಿಗೆ ಗುಮಾಸ್ತನ ಕುರ್ಚಿ ಅಥವಾ ಶಾಲೆಯ ಮೇಷ್ಟರಿಕೆ. ಹೀಗೆ ಸೋಸಿ ಉಳಿದವರ ಅರ್ಹತೆ ದೊಡ್ಡದೇ; ಆದರೆ ಸೋಸಿ ಹೋದವರಲ್ಲಿ ಅರ್ಹತೆ ಇರಲಿಲ್ಲವೆಂದು ಅದರಿಂದ ತಿಳಿಯಬಾರದು.

ಟ್ರಿನಿಡಾಡಿನಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಸಿ.ಎಲ್.ಆರ್. ಜೇಮ್ಸ್ ಒಬ್ಬ ಶಾಲಾ ಶಿಕ್ಷಕರ ಮಗ. ಚಿಕ್ಕ ವಯಸ್ಸಿಗೇ ಪ್ರವೇಶ ಪರೀಕ್ಷೆ ಗೆದ್ದು ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ರಾಯಲ್ ಕಾಲೇಜಿಗೆ ಸೇರಿದ ಹುಡುಗ. ಮನೆಯವರೂ ಮೇಷ್ಟರುಗಳೂ ದ್ವೀಪ ವಿದ್ಯಾರ್ಥಿವೇತನದ ಕನಸು ಕಾಣುತ್ತಿದ್ದರೆ, ಈತ ಕ್ರಿಕೆಟ್ ಆಡುತ್ತ ಕಾದಂಬರಿ ಓದುತ್ತ ಕಾಲ ಕಳೆದ, ವೇತನ ಕೈತಪ್ಪಿತು. ಕೊನೆಗೆ ಅದೇ ಕಾಲೇಜಿನಲ್ಲಿ ಮೇಷ್ಟರಾದ. ಅಲ್ಲಿ ಜೇಮ್ಸ್ ಅವರಿಂದ ಪಾಠ ಹೇಳಿಸಿಕೊಂಡವರಲ್ಲಿ ಎರಿಕ್ ವಿಲಿಯಮ್ಸ್ ಒಬ್ಬರು. ಅಂಚೆ ಇಲಾಖೆಯ ಸಣ್ಣ ನೌಕರನ ಮಗನಾದ ವಿಲಿಯಮ್ಸ್ ಮೂರನೆಯ ಪ್ರಯತ್ನಕ್ಕೆ, 1931ರಲ್ಲಿ, ಆ ವಿದ್ಯಾರ್ಥಿವೇತನ ಗೆದ್ದು ಆಕ್ಸ್‌ಫರ್ಡಿಗೆ ಹೋದರು. 1938ರಲ್ಲಿ ಡಾಕ್ಟರೇಟ್ ಪಡೆದರು, 1939ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು, 1962ರಲ್ಲಿ ಸ್ವತಂತ್ರ ಟ್ರಿನಿಡಾಡಿನ ಮೊದಲ ಪ್ರಧಾನಿಯಾದರು. ಗುರುವಾದರೋ ಯಾವ ಪದವಿಯೂ ಇಲ್ಲದೆ, ಹೈಟಿಯ ಗುಲಾಮರ ಬಂಡಾಯದ ಕುರಿತು 1938ರಲ್ಲೇ ಬರೆದ ಚರಿತ್ರೆಯನ್ನು ಇಂದಿಗೂ ವಿಶ್ವವಿದ್ಯಾಲಯಗಳು ಪಾಠ ಮಾಡುತ್ತಿವೆ. ಪರೀಕ್ಷೆಯಲ್ಲಿ ಗೆದ್ದವನಿಗೆ ಪಾಠ ಹೇಳಿದ್ದು ಅದೇ ಪರೀಕ್ಷೆಯ ದಾರಿ ತಪ್ಪಿದವನು! ವಿಲಿಯಮ್ಸ್ ಮೊದಲನೆಯ ಅಥವಾ ಎರಡನೆಯ ಸಲಕ್ಕೇ ಕೈಚೆಲ್ಲಿದ್ದರೆ ಗತಿಯೇನಾಗುತ್ತಿತ್ತೆಂದು ಯಾವ ರ್‍ಯಾಂಕ್ ಪಟ್ಟಿ ಹೇಳೀತು?

ಲೂಯಿಸ್ 1932ರಲ್ಲಿ ಪರೀಕ್ಷೆ ಬರೆದು ಮೊದಲ ಸಲಕ್ಕೇ ಗೆದ್ದರು. ತಮ್ಮ ಲೇಖನದ ಪ್ರಕಾರ ಇಲ್ಲಿಂದ ಮುಂದೆ ದಾರಿ ಸಲೀಸು. ನಿಜಕ್ಕೂ ಕಷ್ಟ ಶುರುವಾದದ್ದು ಇಲ್ಲಿಂದ. ಅವರಿಗೆ ಇಂಜಿನಿಯರ್ ಆಗುವ ಆಸೆಯಿತ್ತು. ಆದರೆ ವಸಾಹತುಗಳಲ್ಲಿ ವರ್ಣಭೇದದ ಗೋಡೆ ಎದ್ದು ನಿಂತಿತ್ತು. ಕಪ್ಪು ಇಂಜಿನಿಯರನ್ನು ಸರ್ಕಾರವೂ ಕೆಲಸಕ್ಕೆ ಕರೆಯುತ್ತಿರಲಿಲ್ಲ, ಬಿಳಿಯರ ಕಂಪನಿಗಳೂ ಕರೆಯುತ್ತಿರಲಿಲ್ಲ. ಆದ್ದರಿಂದಲೇ ಅಲ್ಲಿನ ಬುದ್ಧಿವಂತ ಹುಡುಗರೆಲ್ಲ, ಯಾರ ಹಂಗೂ ಇಲ್ಲದೆ ಬೋರ್ಡು ಹಾಕಿಕೊಂಡು ಬದುಕಬಹುದಾದ ವಕೀಲಿಕೆಗೋ ವೈದ್ಯಕೀಯಕ್ಕೋ ಹೋಗುತ್ತಿದ್ದರು. ಲೂಯಿಸ್‌ಗೆ ಎರಡೂ ಬೇಡವಾಗಿತ್ತು. ಊರಿಗೆ ಮರಳಿ ಪುರಸಭೆಯಲ್ಲೋ ವ್ಯಾಪಾರದಲ್ಲೋ ಒಂದು ಕೆಲಸ ಹಿಡಿಯಬಹುದು, ಅದೂ ದಕ್ಕದಿದ್ದರೆ ಇರಲಿ ಎಂದು ಜೊತೆಗೆ ಕಾನೂನನ್ನೂ ಓದಬಹುದು ಎಂಬ ಲೆಕ್ಕಾಚಾರದಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಬಿ.ಕಾಂ. ಪದವಿಗೆ ಸೇರಿಕೊಂಡರು. ಲೆಕ್ಕಶಾಸ್ತ್ರ, ವಾಣಿಜ್ಯ ಕಾನೂನು, ವ್ಯವಹಾರ ನಿರ್ವಹಣೆಗಳ ನಡುವೆ ಒಂದಿಷ್ಟು ಅರ್ಥಶಾಸ್ತ್ರವೂ ಇತ್ತು. ಅರ್ಥಶಾಸ್ತ್ರವೆಂದರೆ ಏನೆಂದು 1933ರಲ್ಲಿ ತನಗೆ ಗೊತ್ತೇ ಇರಲಿಲ್ಲ ಎಂದು ಆ ವಿಷಯದಲ್ಲಿ ನೊಬೆಲ್ ಪಡೆದವರು ಬರೆಯುತ್ತಾರೆ. 'ಬಾಲ್ಯದಿಂದಲೇ ಅರ್ಥಶಾಸ್ತ್ರದಲ್ಲಿ ಆಸಕ್ತಿ' ಎಂಬ ತಮ್ಮ ಲೇಖನದ ವಾಕ್ಯವನ್ನು ದಯವಿಟ್ಟು ಇದರೊಂದಿಗೆ ಹೋಲಿಸಿ ನೋಡಬೇಕು. ಪರೀಕ್ಷೆ ಅವರ ಕೈಗೆ ಹಡಗಿನ ಟಿಕೆಟ್ಟು ಕೊಟ್ಟಿತು. ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಕೂಡದು ಎಂಬುದನ್ನು ಮೈಬಣ್ಣ ನೋಡುವವರು ಮೊದಲೇ ತೀರ್ಮಾನಿಸಿಟ್ಟಿದ್ದರು.

1937ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಬಂತು, ಡಾಕ್ಟರೇಟ್ ಮಾಡಲು ಅದೇ ಸಂಸ್ಥೆ ವಿದ್ಯಾರ್ಥಿವೇತನ ಕೊಟ್ಟಿತು, 1938ರಲ್ಲಿ ಒಂದು ವರ್ಷದ ಮಟ್ಟಿಗೆ ಪಾಠ ಮಾಡುವ ಕೆಲಸವೂ ಸಿಕ್ಕಿತು. ಆ ಸಂಸ್ಥೆಯಲ್ಲಿ ಅಧ್ಯಾಪಕ ಹುದ್ದೆಗೆ ನೇಮಕಗೊಂಡ ಮೊದಲ ಕಪ್ಪು ವ್ಯಕ್ತಿ ಅವರು. ಬ್ರಿಟಿಷ್ ವಿಶ್ವವಿದ್ಯಾಲಯಗಳಲ್ಲಿ ಅದೊಂದು ಸಂಚಲನದ ಸುದ್ದಿಯಾಯಿತು. ಮರುವರ್ಷ ಅದು ನಾಲ್ಕು ವರ್ಷಗಳ ಕರಾರಾಗಿ ಬದಲಾಯಿತು. ಅಧ್ಯಾಪಕನಾದ ನನಗೆ ಅವರ ಇಡೀ ಟಿಪ್ಪಣಿಯಲ್ಲಿ ಅತ್ಯಂತ ಪ್ರಿಯವಾದ ಪ್ರಸಂಗ ಇಲ್ಲಿ ಬರುತ್ತದೆ. ವಿಭಾಗದ ಹೊಣೆ ಹೊತ್ತಿದ್ದ ಫ್ರೆಡ್ರಿಕ್ ಹಾಯೆಕ್, ಎರಡು ಮಹಾಯುದ್ಧಗಳ ನಡುವೆ ಜಗತ್ತಿನ ಆರ್ಥಿಕತೆಗೆ ಏನಾಯಿತೆಂಬುದರ ಮೇಲೆ ಪಾಠ ಮಾಡುವಂತೆ ಲೂಯಿಸ್‌ಗೆ ಸೂಚಿಸಿದರು. ಏನಾಯಿತೆಂದು ನನಗೇ ಗೊತ್ತಿಲ್ಲವಲ್ಲ ಎಂದರು ಲೂಯಿಸ್. ಒಂದು ವಿಷಯವನ್ನು ಕಲಿಯಲು ಅದನ್ನು ಕಲಿಸುವುದೇ ಒಳ್ಳೆಯ ದಾರಿ ಎಂದರು ಹಾಯೆಕ್. ಆ ಪಾಠಗಳೇ ಮುಂದೆ, 1949ರಲ್ಲಿ, 1919ರಿಂದ 1939ರವರೆಗಿನ ಜಗತ್ತಿನ ಆರ್ಥಿಕ ಸಮೀಕ್ಷೆಯ ಪುಸ್ತಕವಾದವು. ಸರ್ಕಾರದ ಹಿಡಿತ ಆದಷ್ಟು ಕಡಿಮೆಯಿರಬೇಕೆಂದು ವಾದಿಸುತ್ತಿದ್ದ ಹಾಯೆಕ್ ಎಲ್ಲಿ, ಸಮಾಜವಾದಿ ಒಲವಿನ ಫೇಬಿಯನ್ನರೊಡನೆ ಓಡಾಡುತ್ತಿದ್ದ ಈ ತರುಣ ಎಲ್ಲಿ! ಅಭಿಪ್ರಾಯಗಳು ಹೊಂದದಿದ್ದರೂ ಕಿರಿಯನ ಕೈಗೆ ಹೊಸ ಪಾಠವೊಂದನ್ನು ಒಪ್ಪಿಸುವ ಹಿರಿಯರು ವಿಭಾಗದಲ್ಲಿದ್ದರು ಎಂಬುದನ್ನು ನಾನಂತೂ ಸಣ್ಣ ಸಂಗತಿ ಎಂದುಕೊಳ್ಳಲಾರೆ. 1948ರಲ್ಲಿ, ಮೂವತ್ತಮೂರನೆಯ ವಯಸ್ಸಿಗೆ, ಲೂಯಿಸ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪೂರ್ಣ ಪ್ರೊಫೆಸರಾದರು. ತನಗೆ ಅದೃಷ್ಟವೂ ಜೊತೆಗೂಡಿತೆಂದು ಅವರು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ.

ಇನ್ನು ನಾವು ಕರಿಹಲಗೆಯ ಮೇಲೆ ಬರೆಯುವ ಆ ಮಾದರಿಯ ವಿಚಾರ. ಅದು ಹುಟ್ಟಿದ್ದು 1952ರ ಆಗಸ್ಟಿನಲ್ಲಿ, ಬ್ಯಾಂಕಾಕ್ ನಗರದ ರಸ್ತೆಯೊಂದರಲ್ಲಿ ನಡೆದುಹೋಗುತ್ತಿದ್ದಾಗ. ಅವರ ತಲೆಯಲ್ಲಿ ಬಹುಕಾಲದಿಂದ ಎರಡು ಒಗಟುಗಳಿದ್ದವು. ಉಕ್ಕಿನ ಬೆಲೆಗೆ ಹೋಲಿಸಿದರೆ ಕಾಫಿಯ ಬೆಲೆ ಏಕೆ ಇಷ್ಟು ಅಗ್ಗ ಎಂಬುದು ಒಂದು. ಕೈಗಾರಿಕಾ ಕ್ರಾಂತಿಯ ಮೊದಲ ಐವತ್ತು ವರ್ಷಗಳಲ್ಲಿ ಬ್ರಿಟನ್ನಿನ ಕಾರ್ಮಿಕರ ನಿಜಕೂಲಿ (ಕೊಳ್ಳಬಹುದಾದ ಸರಕಿನ ಲೆಕ್ಕದಲ್ಲಿ ಕೂಲಿ) ಹೆಚ್ಚುಕಡಿಮೆ ಇದ್ದಲ್ಲೇ ಇದ್ದು ಲಾಭ ಮತ್ತು ಉಳಿತಾಯ ಮಾತ್ರ ಏರಿದ್ದೇಕೆ ಎಂಬುದು ಇನ್ನೊಂದು. ದುಡಿಯುವ ಕೈಗಳ ಸಂಖ್ಯೆಗೆ ಮಿತಿಯಿದೆ ಎಂಬ ಪಠ್ಯಪುಸ್ತಕದ ನಂಬಿಕೆಯನ್ನು ಬಿಟ್ಟುಕೊಟ್ಟರೆ ಎರಡು ಒಗಟಿಗೂ ಒಂದೇ ಉತ್ತರವೆಂದು ಅಂದು ಹೊಳೆಯಿತು. 1954ರಲ್ಲಿ ಪ್ರಬಂಧ ಅಚ್ಚಾಯಿತು. ಇಂಥ ಪ್ರಶ್ನೆಯನ್ನು ಕೇಂಬ್ರಿಜ್‌ನ ಯಾವ ಪ್ರಶ್ನೆಪತ್ರಿಕೆಯೂ ಅವರಿಗೆ ಕೇಳಿರಲಿಲ್ಲ. ಏಳು ವರ್ಷದವರಿದ್ದಾಗ ತಂದೆಯ ಕೈಹಿಡಿದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಜಮೈಕಾದ ಮಾರ್ಕಸ್ ಗಾರ್ವಿಯ ಸ್ಥಳೀಯ ಸಂಘದ ಸಭೆಗೆ ಹೋದದ್ದು ತಮಗೆ ನೆನಪಿದೆ, ಸಾಮ್ರಾಜ್ಯಶಾಹಿಯ ವಿರೋಧದಿಂದಲೇ ತಮ್ಮ ಆಸಕ್ತಿ ಚಿಗುರಿತು ಎಂದು ಅವರು ಹೇಳುತ್ತಾರೆ. 1930ರ ದಶಕದಲ್ಲಿ ವೆಸ್ಟ್ ಇಂಡೀಸಿನ ತೋಟಗಳಲ್ಲಿ ಕಾರ್ಮಿಕರು ದಂಗೆಯೆದ್ದಾಗ ಲಂಡನ್ನಿನಲ್ಲಿ ಕೂತು ಅವರ ಪರವಾಗಿ 1939ರಲ್ಲಿ ಕಿರುಹೊತ್ತಗೆಯನ್ನೂ ಬರೆದಿದ್ದರು. ಕಬ್ಬು ಕಡಿಯುವವನು ಎಷ್ಟು ಹೆಚ್ಚು ಕಡಿದರೂ ಅವನ ಕೂಲಿ ಏರುವುದಿಲ್ಲ, ಸಕ್ಕರೆ ಮಾತ್ರ ಕೊಳ್ಳುವವನಿಗೆ ಅಗ್ಗವಾಗುತ್ತದೆ ಎಂಬುದನ್ನು ಬಾಲ್ಯದಿಂದ ಕಂಡ ದ್ವೀಪದ ಹುಡುಗನಿಗಷ್ಟೇ ಆ ಒಗಟು ಅಷ್ಟು ಕಾಲ ಕಾಡಲು ಸಾಧ್ಯ ಎಂಬುದು ನನ್ನ ಊಹೆ. ಸಹೋದ್ಯೋಗಿಗಳು ಕೆಲವರು ಇದನ್ನು ಒಪ್ಪುವುದಿಲ್ಲ.

ನಮ್ಮ ದೇಶದ ನಂಟೂ ಇಲ್ಲಿದೆ. ಬಡ ದೇಶಗಳ ಅಭಿವೃದ್ಧಿಗೆ ಏನು ಮಾಡಬೇಕೆಂದು 1951ರಲ್ಲಿ ವಿಶ್ವಸಂಸ್ಥೆಗೆ ವರದಿ ಕೊಟ್ಟ ಐವರು ತಜ್ಞರಲ್ಲಿ ಲೂಯಿಸ್ ಜೊತೆ ಪುಣೆಯ ಗೋಖಲೆ ಸಂಸ್ಥೆಯ ಡಿ.ಆರ್. ಗಾಡಗೀಳರೂ ಅಮೆರಿಕದ ಥಿಯೊಡೋರ್ ಶುಲ್ಜ್ ಅವರೂ ಇದ್ದರು. ಇದೇ ಶುಲ್ಜ್ ಮುಂದೆ, 1918-19ರ ಇನ್‌ಫ್ಲುಯೆಂಜಾ ಮಾರಿಯಿಂದ ಭಾರತದ ಹಳ್ಳಿಗಳಲ್ಲಿ ಜನ ಸತ್ತಾಗ ಬಿತ್ತನೆಯೂ ಕುಗ್ಗಿತೆಂಬ ಅಂಕಿಅಂಶ ತೋರಿಸಿ, ಬೇಸಾಯದಲ್ಲಿ ಬೇಡದ ಕೈಗಳಿವೆ ಎಂಬ ವಾದವನ್ನು ಪ್ರಶ್ನಿಸಿದರು. 1979ರ ನೊಬೆಲ್ ಬಹುಮಾನವನ್ನು ಈ ಇಬ್ಬರೂ ಹಂಚಿಕೊಂಡರು. ಒಂದೇ ಪ್ರಶ್ನೆಗೆ ಎದುರುಬದುರಾದ ಉತ್ತರ ಬರೆದ ಇಬ್ಬರಿಗೂ ಪೂರ್ಣಾಂಕ ಸಿಕ್ಕಂತಾಯಿತು ಎಂದು ತರಗತಿಯಲ್ಲಿ ನಾನು ತಮಾಷೆ ಮಾಡುತ್ತಿದ್ದೆ.

ಈಗ ತಮ್ಮ ಲೇಖಕರು ಬಿಟ್ಟಿರುವ ಇನ್ನೊಬ್ಬರ ವಿಷಯ. ಲೂಯಿಸ್ ಹುಟ್ಟಿದ ದಿನಕ್ಕೆ ಸರಿಯಾಗಿ ಹದಿನೈದು ವರ್ಷಗಳ ನಂತರ, 1930ರ ಜನವರಿ 23ರಂದು, ಅದೇ ಕ್ಯಾಸ್ಟ್ರೀಸಿನಲ್ಲಿ ಕವಿ ಡೆರೆಕ್ ವಾಲ್ಕಾಟ್ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ತಾಯಿ ಶಾಲಾ ಶಿಕ್ಷಕಿ, ಬಟ್ಟೆ ಹೊಲಿದೂ ಸಂಸಾರ ತೂಗಿಸುತ್ತಿದ್ದವರು. ಓದಿದ ಶಾಲೆಯೂ ಅದೇ ಸೇಂಟ್ ಮೇರೀಸ್. ಆದರೆ ಗಣಿತ ಕೈಕೊಟ್ಟಿತು, ದ್ವೀಪ ವಿದ್ಯಾರ್ಥಿವೇತನ ಸಿಗಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ತನ್ನ ಕವಿತೆಗಳನ್ನು ಅಚ್ಚು ಹಾಕಿಸಬೇಕೆಂದು ಹಟ ಹಿಡಿದಾಗ ತಾಯಿ ಹೇಗೋ ಇನ್ನೂರು ಡಾಲರ್ ಹೊಂದಿಸಿ ಕೊಟ್ಟರು. ಮಗ ಪ್ರತಿಗಳನ್ನು ಪರಿಚಯದವರಿಗೆ ಮಾರಿ ಆ ಹಣ ಹಿಂದಿರುಗಿಸಿದ. ವಿದ್ಯಾರ್ಥಿವೇತನದ ಪರೀಕ್ಷೆಯೊಂದೇ ಏಣಿಯಾಗಿದ್ದರೆ ವಾಲ್ಕಾಟ್ ಅವರ ಓದು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲದಿರಲು ಕಾರಣ, ಅಷ್ಟು ಹೊತ್ತಿಗೆ ಅವರದೇ ಸಮುದ್ರದಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1948ರಲ್ಲಿ ಜಮೈಕಾದ ಮೋನಾದಲ್ಲಿ, 33 ಮಂದಿ ವೈದ್ಯಕೀಯ ವಿದ್ಯಾರ್ಥಿಗಳೊಂದಿಗೆ, ಲಂಡನ್ ವಿಶ್ವವಿದ್ಯಾಲಯದ ಅಧೀನದಲ್ಲಿ ವೆಸ್ಟ್ ಇಂಡೀಸಿನ ಯೂನಿವರ್ಸಿಟಿ ಕಾಲೇಜು ಶುರುವಾಗಿತ್ತು. ವಸಾಹತು ಅಭಿವೃದ್ಧಿ ನಿಧಿಯ ಬೇರೊಂದು ವಿದ್ಯಾರ್ಥಿವೇತನದ ಮೇಲೆ 1950ರಲ್ಲಿ ವಾಲ್ಕಾಟ್ ಅಲ್ಲಿ ಸೇರಿದರು. ಮುಂದೆ ಹಲವು ಶಾಲೆಗಳಲ್ಲಿ ಮೇಷ್ಟರಾಗಿ, 1981ರಿಂದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ ಕೆಲಸ ಮಾಡಿದ ಅವರಿಗೆ 1992ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಒಂದೇ ಊರು, ಒಂದೇ ಶಾಲೆ, ಒಂದೇ ಹುಟ್ಟುಹಬ್ಬ. ಒಂದೇ ಬಗೆಯ ಪರೀಕ್ಷೆ ಒಬ್ಬರನ್ನು ಆರಿಸಿತು, ಇನ್ನೊಬ್ಬರನ್ನು ಬಿಟ್ಟಿತು. ದ್ವೀಪದವರು ಪ್ರತಿ ಜನವರಿಯಲ್ಲೂ ಈ ಇಬ್ಬರ ಹೆಸರಿನಲ್ಲಿ ಉತ್ಸವ ಆಚರಿಸುತ್ತಾರೆ.

ಆ ಹೊಸ ಕಾಲೇಜಿನ ಮೊದಲ ತಲೆಮಾರಿನ ಅಧ್ಯಾಪಕರಲ್ಲಿ ಎಲ್ಸಾ ಗೊವೇಯಾ ಒಬ್ಬರು. ಬ್ರಿಟಿಷ್ ಗಯಾನಾದವರು, 1944ರಲ್ಲಿ ಆ ವಸಾಹತಿನ ವಿದ್ಯಾರ್ಥಿವೇತನ ಗೆದ್ದ ಮೊದಲ ಹೆಣ್ಣುಮಗಳು. ಅಲ್ಲಿಯವರೆಗೆ ಆ ಬಾಗಿಲಿನಲ್ಲಿ ಗಂಡುಮಕ್ಕಳಷ್ಟೇ ದಾಟಿ ಹೋಗಿದ್ದರು ಎಂಬುದನ್ನೂ ಪರೀಕ್ಷೆಯ ನಿಷ್ಪಕ್ಷಪಾತದ ಬಗ್ಗೆ ಮಾತಾಡುವಾಗ ನೆನೆಯಬೇಕು. ಲಂಡನ್ನಿನಲ್ಲಿ ಚರಿತ್ರೆ ಓದಿ, 1950ರಲ್ಲಿ ಮೋನಾಕ್ಕೆ ಬಂದು, 1961ರಲ್ಲಿ ಆ ಸಂಸ್ಥೆಯ ಮೊದಲ ಮಹಿಳಾ ಪ್ರೊಫೆಸರಾದರು. ಅವರು ಪಾಠ ಹೇಳಿದ್ದು ಇಂಗ್ಲೆಂಡಿನ ರಾಜರ ಚರಿತ್ರೆಯನ್ನಲ್ಲ. ವೆಸ್ಟ್ ಇಂಡೀಸಿನ ಗುಲಾಮ ಸಮಾಜದ ಚರಿತ್ರೆಯನ್ನು. ಮ್ಯಾಂಚೆಸ್ಟರಿನಲ್ಲಿ ನೆಮ್ಮದಿಯಾಗಿದ್ದ ಲೂಯಿಸ್ ಕೂಡ 1959ರಲ್ಲಿ ಇದೇ ಕಾಲೇಜಿನ ಮುಖ್ಯಸ್ಥರಾಗಿ ಬಂದರು. 1962ರಲ್ಲಿ ಅದು ಲಂಡನ್ನಿನ ಅಧೀನ ತೊರೆದು ಸ್ವತಂತ್ರ ವಿಶ್ವವಿದ್ಯಾಲಯವಾದಾಗ ಮೊದಲ ಕುಲಪತಿ ಅವರೇ (ನಮ್ಮಲ್ಲಿ ಹಿಂದೆ ಉಪಕುಲಪತಿ ಎನ್ನುತ್ತಿದ್ದ ಹುದ್ದೆ). ಅದೇ ವರ್ಷ ವೆಸ್ಟ್ ಇಂಡೀಸ್ ದ್ವೀಪಗಳ ಒಕ್ಕೂಟ ಮುರಿದುಬಿತ್ತು. ಅದನ್ನು ಉಳಿಸಲು ಲೂಯಿಸ್ ದ್ವೀಪದಿಂದ ದ್ವೀಪಕ್ಕೆ ಅಲೆದರೂ ಪ್ರಯೋಜನವಾಗಲಿಲ್ಲ. ರಾಜಕಾರಣಿಗಳು ಬೇರೆಯಾದರು, ವಿಶ್ವವಿದ್ಯಾಲಯ ಮಾತ್ರ ಎಲ್ಲರದಾಗಿ ಉಳಿದು ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ಗಳಲ್ಲಿ ಬೇರುಬಿಟ್ಟಿತು. ಪರೀಕ್ಷೆ ಗೆದ್ದು ಹೊರಗೆ ಹೋದವರು ಮರಳಿ ಬಂದು, ಹೊರಗೆ ಹೋಗಲಾಗದವರಿಗೆ ಕಟ್ಟಿದ ಮನೆ ಅದು. 1963ರಲ್ಲಿ ಲೂಯಿಸ್ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋಗಿ ಇಪ್ಪತ್ತು ವರ್ಷ ಅಲ್ಲಿ ಪಾಠ ಮಾಡಿದರು. ನಡುವೆ 1970ರಿಂದ ಮೂರು ವರ್ಷ ಕೆರಿಬಿಯನ್ ಅಭಿವೃದ್ಧಿ ಬ್ಯಾಂಕನ್ನು ಕಟ್ಟಿ ನಿಲ್ಲಿಸಲು ಮತ್ತೆ ಬಂದಿದ್ದರು.

ಪ್ರಶ್ನೆಪತ್ರಿಕೆಗಳೂ ಹಡಗು ಹತ್ತಿ ಬರುವುದು ಕ್ರಮೇಣ ನಿಂತಿತು. ದ್ವೀಪಗಳ ಸರ್ಕಾರಗಳು ಕೂಡಿ 1972ರಲ್ಲಿ ಸ್ವಂತ ಕೆರಿಬಿಯನ್ ಪರೀಕ್ಷಾ ಮಂಡಳಿಯನ್ನು ಸ್ಥಾಪಿಸಿದವು. ಅದರ ಮೊದಲ ಪರೀಕ್ಷೆಗಳು ನಡೆದದ್ದು 1979ರಲ್ಲಿ, ಲೂಯಿಸ್‌ಗೆ ನೊಬೆಲ್ ಬಂದ ವರ್ಷವೇ. ಕೆರಿಬಿಯನ್ ಚರಿತ್ರೆ ಆಗ ಪರೀಕ್ಷೆಯ ವಿಷಯವಾಯಿತು. ವರ್ಷವಿಡೀ ಶಾಲೆಯಲ್ಲಿ ಮಾಡಿದ ಕೆಲಸಕ್ಕೆ ತರಗತಿಯ ಶಿಕ್ಷಕರು ಕೊಡುವ ಅಂಕಗಳಿಗೂ ಅಂತಿಮ ಫಲಿತಾಂಶದಲ್ಲಿ ಪಾಲಿದೆ. ಹಾಗೆಂದು ಅಲ್ಲಿ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಹನ್ನೊಂದು ವರ್ಷದ ಆಸುಪಾಸಿನ ಮಕ್ಕಳನ್ನು ಒಳ್ಳೆಯ ಶಾಲೆ, ಸಾಧಾರಣ ಶಾಲೆ ಎಂದು ಹಂಚುವ ಪರೀಕ್ಷೆ ಟ್ರಿನಿಡಾಡಿನಲ್ಲಿ 2001ರಲ್ಲಿ ಹೆಸರು ಬದಲಿಸಿಕೊಂಡಿತೇ ಹೊರತು ಅದರ ಭಯವೂ ಅದಕ್ಕಾಗಿ ನಡೆಯುವ ಟ್ಯೂಷನ್ನೂ ತೊಲಗಲಿಲ್ಲ.

ಪರೀಕ್ಷೆಗಳೇ ಬೇಡವೆಂದು ನಾನು ವಾದಿಸುತ್ತಿಲ್ಲ. ಆ ಪರೀಕ್ಷೆ ಇಲ್ಲದಿದ್ದರೆ, ಹೆಸರು ಹೇಳಿ ಶಿಫಾರಸು ಮಾಡುವವರಿಲ್ಲದ ಲೂಯಿಸ್‌ಗೆ ಬೇರೆ ಯಾವ ದಾರಿಯೂ ಇರಲಿಲ್ಲ ಎಂಬುದನ್ನು ಬಲ್ಲೆ; ಮೂವತ್ತು ವರ್ಷ ಮೌಲ್ಯಮಾಪನ ಮಾಡಿದವನು ಅಷ್ಟು ಸುಲಭವಾಗಿ ಪರೀಕ್ಷೆಯನ್ನು ಹಳಿಯಲಾರ. ಲೇಖನದ ಮೇಲಿನ ನನ್ನ ಆಕ್ಷೇಪ, ಅದು ಒಬ್ಬ ಮನುಷ್ಯನ ಬದುಕಿನಿಂದ ಫಲಿತಾಂಶದ ದಿನವೊಂದನ್ನು ಮಾತ್ರ ಎತ್ತಿಕೊಂಡು, ಮೂರು ತಿಂಗಳು ಕೂತು ಪಾಠ ಹೇಳಿದ ತಂದೆಯನ್ನು, ಐವರನ್ನು ಸಾಕಿದ ತಾಯಿಯನ್ನು, ಕಡತಗಳ ನಡುವೆ ಕಾದ ವರ್ಷಗಳನ್ನು, ಬಣ್ಣದ ಕಾರಣಕ್ಕೆ ಕೈಬಿಟ್ಟ ಇಂಜಿನಿಯರಿಂಗ್ ಕನಸನ್ನು ಕೈಬಿಟ್ಟಿತು ಎಂಬುದು. ಮುಂದಿನ ಸಂಚಿಕೆಯಲ್ಲಿ ಜಾಗವಿದ್ದರೆ ಇವುಗಳಲ್ಲಿ ಕೆಲವನ್ನಾದರೂ ಸೇರಿಸಿ ಮರುಪ್ರಕಟಿಸಬೇಕೆಂದು ಕೋರುತ್ತೇನೆ.

ಅದಾಗದಿದ್ದರೂ ನಾಲ್ಕು ತಿದ್ದುಪಡಿಗಳನ್ನು ದಯಮಾಡಿ ಪ್ರಕಟಿಸಬೇಕು. ಲೂಯಿಸ್ ಜಮೈಕಾದವರಲ್ಲ, ಸೇಂಟ್ ಲೂಸಿಯಾದವರು. ಬಹುಮಾನ ಬಂದ ವರ್ಷ 1969 ಅಲ್ಲ, 1979. ಅದು ಅವರೊಬ್ಬರಿಗೇ ಬಂದದ್ದೂ ಅಲ್ಲ. ಮತ್ತು 1991ರ ಜೂನ್ 15ರಂದು ಅವರು ತೀರಿಕೊಂಡದ್ದು ಬಾರ್ಬಡೋಸಿನಲ್ಲಿ ನಿಜವಾದರೂ, ಅವರ ಸಮಾಧಿ ಇರುವುದು ಅಲ್ಲಿ ಅಲ್ಲ. ಕ್ಯಾಸ್ಟ್ರೀಸಿನ ಗುಡ್ಡದ ಮೇಲೆ, ಅವರ ಹೆಸರಿನ ಕಾಲೇಜಿನ ಆವರಣದಲ್ಲಿದೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ
ಶಿವಮೊಗ್ಗ